ಕರಿಬೇವು ನೆಡುವ ಕೈ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ ಮೊದಲು ಅವರ ಹಿತ್ತಲಿಗೋ ಪಕ್ಕದ ಸಂದಿಗೋ ಕಣ್ಣು ಹಾಯಿಸುತ್ತೇನೆ. ಅಲ್ಲೊಂದು ಕರಿಬೇವಿನ ಗಿಡ ಇದ್ದರೆ ಅದರ ಬುಡ ನೋಡುತ್ತೇನೆ. ಆಮೇಲೆ ಮನೆಯವರ ಮುಂಗೈ ನೋಡುತ್ತೇನೆ. ಕಾಫಿ ಲೋಟ ಕೊಡಲು ಚಾಚಿದ ಕೈಯನ್ನು ಹೀಗೆ ದಿಟ್ಟಿಸುವ ಗಂಡಸಿನ ಬಗ್ಗೆ ಮನೆಯವರು ಏನು ತಿಳಿದುಕೊಳ್ಳಬಹುದು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನನ್ನ ಹೆಂಡತಿ ಜಯಮ್ಮ ಈ ವಿಷಯದಲ್ಲಿ ನನ್ನನ್ನು ಎಷ್ಟೋ ಸಲ ಕಣ್ಣಿನಲ್ಲೇ ಗದರಿದ್ದಾಳೆ. ಮಳವಳ್ಳಿಯ ಅವಳ ತವರಿನಲ್ಲಿ ಒಮ್ಮೆ ನನ್ನ ಭಾವಮೈದುನ, “ವಾಚ್ ನೋಡ್ತಿದ್ದೀರಾ ಭಾವ? ಹೊಸ್ದು” ಎಂದು ಕೈಯನ್ನು ನನ್ನ ಮೂಗಿನ ಹತ್ತಿರಕ್ಕೇ ತಂದ. ಬಹಳ ಚೆನ್ನಾಗಿದೆ ಎಂದೆ. ನಾನು ನೋಡುತ್ತಿದ್ದುದು ವಾಚಿನ ಕೆಳಗಿನ ಮೂಳೆಯನ್ನು. ಅವನ ಹಿತ್ತಲಿನ ಕರಿಬೇವಿನ ಬುಡ ಅದಕ್ಕಿಂತ ದಪ್ಪವಿತ್ತು. ಆ ಗಿಡ ನೆಟ್ಟವರು ಯಾರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಮೂಢನಂಬಿಕೆಯ ಮೇಲೆ ನಾನು ಮಾಡಿದ ಭಾಷಣಗಳನ್ನು ಕೇಳಿ ಬೆಳೆದ ಮಕ್ಕಳು ಮಂಡ್ಯ ಜಿಲ್ಲೆಯ ತುಂಬ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ನಿಮ್ಮ ಮೇಷ್ಟ್ರ ಬಗ್ಗೆ ಇರುವ ಅಲ್ಪಸ್ವಲ್ಪ ಗೌರವವನ್ನು ಉಳಿಸಿಕೊಳ್ಳಿ. ಉಳಿದವರಿಗೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದ ಹೊಳಲಿನಲ್ಲಿ, ನಮ್ಮ ನೆಂಟರಿಷ್ಟರ ಮನೆಗಳ ಮಟ್ಟಿಗಾದರೂ, ಕರಿಬೇವನ್ನು ಯಾರೂ ಕೈಯಾರೆ ನೆಡುವುದಿಲ್ಲ. ನೆಟ್ಟವರ ಮುಂಗೈ ಗಾತ್ರಕ್ಕೆ ಗಿಡದ ಬುಡ ಬಂದ ವರ್ಷ ನೆಟ್ಟವರು ಹೊರಡಬೇಕು. ಎಲ್ಲಿಗೆ ಎಂದು ನೀವು ಕೇಳಬೇಕಾಗಿಲ್ಲ. ಹಾಗೆಂದು ಒಗ್ಗರಣೆಯನ್ನು ಬಿಟ್ಟುಕೊಡಲು ನಮ್ಮ ಹಿರಿಯರು ಸಿದ್ಧರಿರಲಿಲ್ಲ. ಉಪ್ಸಾರಿನ ಖಾರಕ್ಕೆ ಬೇಕು, ಮಜ್ಜಿಗೆಗೆ ಬೇಕು, ಹೆರಿಗೆಯಾದವಳ ಸಾರಿಗೆ ಬೇಕು. ಹೀಗಾಗಿ ಪ್ರತಿ ಮನೆಯ ಬಚ್ಚಲಿನ ಹಿಂದೆಯೂ ಒಂದು ಕರಿಬೇವು ಇತ್ತು, ಒಂದನ್ನೂ ಯಾರೂ ನೆಟ್ಟಿರಲಿಲ್ಲ.

“ತಾತ, ಇದ್ನ ಯಾರ್ ನೆಟ್ಟಿದ್ದು?” ಎಂದು ಚಿಕ್ಕವನಾಗಿದ್ದಾಗ ಕೇಳಿದ್ದೆ.

“ಪಿಕ್ಳಾರ ನೆಟ್ಟಿದ್ದು” ಎಂದಿದ್ದರು ತಾತ.

“ಪಕ್ಕದ್ ಮನೇದು?”

“ಅದೂವೆ ಪಿಕ್ಳಾರನೇಯ. ಸುಮ್ಕೆ ಉಣ್ಣು.”

ಪಿಕಳಾರ ಕರಿಬೇವಿನ ಕಪ್ಪು ಹಣ್ಣು ತಿಂದು ಎಲ್ಲೆಲ್ಲೋ ಬೀಜ ಉದುರಿಸುತ್ತದೆ ಎಂಬುದು ನಿಜ. ಆದರೆ ಹೊಳಲಿನ ಪಿಕಳಾರಗಳು ಬಚ್ಚಲ ನೀರು ಹರಿಯುವ ಜಾಗವನ್ನೇ ನೋಡಿ, ಅಡುಗೆಮನೆಯ ಹಿಂಬಾಗಿಲಿನಿಂದ ಕೈಗೆಟುಕುವಷ್ಟು ದೂರವನ್ನೇ ಅಳೆದು, ಸುತ್ತ ಮೂರು ಕಲ್ಲನ್ನೂ ಇಟ್ಟು ನೆಡುತ್ತಿದ್ದವು. ಅಷ್ಟು ತಿಳಿವಳಿಕೆಯ ಹಕ್ಕಿಗಳನ್ನು ನಾನು ಆಮೇಲೆ ಇನ್ನೆಲ್ಲೂ ನೋಡಲಿಲ್ಲ.

ಗಿಡದ ಪರವಾಗಿಯೂ ಒಂದು ಮಾತು ಹೇಳಬೇಕು. ಕರಿಬೇವು ನಮ್ಮ ಮಣ್ಣಿನದೇ ಜಾತಿ. ಕಾಡಿನಲ್ಲಿ ಅದು ದೊಡ್ಡ ಮರಗಳ ಕಾಲ ಬುಡದಲ್ಲಿ, ಅವು ತಿಂದುಳಿದ ಬೆಳಕಿನಲ್ಲಿ ಸಂಸಾರ ಮಾಡುತ್ತದೆ. ಪೂರ್ತಿ ಬಿಸಿಲು ಕೊಟ್ಟರೆ ಬೇಡವೆನ್ನುವುದಿಲ್ಲ, ಹಿಗ್ಗಿ ಬೆಳೆಯುತ್ತದೆ. ಕೊಡದಿದ್ದರೆ ಮುನಿಸಿಕೊಳ್ಳುವುದಿಲ್ಲ. ನಿಧಾನವಾಗಿ, ತೆಳ್ಳಗೆ, ತನ್ನ ಪಾಡಿಗೆ ತಾನು ಬರುತ್ತದೆ. ಈ ಗುಣ ಮನುಷ್ಯರಲ್ಲಿ ನಾನು ಕಂಡಿದ್ದು ಒಬ್ಬರಲ್ಲಿ ಮಾತ್ರ, ನನ್ನ ಸೋದರತ್ತೆಯಲ್ಲಿ.

ಅತ್ತೆಯ ಹೆಸರು ಪುಟ್ಟತಾಯಮ್ಮ. ನನ್ನ ಅಪ್ಪನ ತಂಗಿ. ಕೆರಗೋಡಿಗೆ ಕೊಟ್ಟಿದ್ದರು. ಮದುವೆಯಾದ ಮೂರನೆಯ ವರ್ಷ ಗಂಡ ತೀರಿಕೊಂಡರು, ಮಕ್ಕಳಿರಲಿಲ್ಲ, ಒಂದು ಟ್ರಂಕು ಹಿಡಿದು ಹೊಳಲಿಗೆ ವಾಪಸು ಬಂದಳು. ಆಗ ನನಗೆ ಐದು ವರ್ಷ. ಅವ್ವ ಬೆಳಗಾದರೆ ಗದ್ದೆಗೆ ಹೋಗುತ್ತಿದ್ದುದರಿಂದ ನನ್ನನ್ನು ಮೀಯಿಸಿ, ಉಣಿಸಿ, ಇಸ್ಕೂಲಿಗೆ ಅಟ್ಟುವ ಕೆಲಸ ಅತ್ತೆಯ ಪಾಲಿಗೆ ಬಂತು. ನಾಟಿಯ ಕಾಲ ಬಂದರೆ ಮಾತ್ರ ಅತ್ತೆಯನ್ನು ಯಾರೂ ಮನೆಯಲ್ಲಿ ಹಿಡಿಯುವಂತಿರಲಿಲ್ಲ. ಇಡೀ ಊರಿನಲ್ಲಿ ಅವಳ ಕೈಯ ನಾಟಿಗೆ ಹೆಸರಿತ್ತು. ಬಗ್ಗಿದಳೆಂದರೆ ಬದುವಿನಿಂದ ಬದುವಿಗೆ ಏಳುತ್ತಿರಲಿಲ್ಲ, ಪೈರು ಹಗ್ಗ ಹಿಡಿದಂತೆ ನಿಲ್ಲುತ್ತಿತ್ತು. “ಪುಟ್ಟತಾಯಿ ನೆಟ್ಟಿದ್ದು ಬಾಡಕಿಲ್ಲ” ಎಂದು ಹೆಂಗಸರು ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳುತ್ತಿದ್ದರು.

ಇಸ್ಕೂಲಿಗೆ ಹೋಗುವ ದಾರಿಯಲ್ಲಿ ನಾಲೆ ದಾಟಬೇಕಾಗಿತ್ತು. ದಾಟಲು ಇದ್ದುದು ಕಿರಿದಾದ ಒಂದು ಕಲ್ಲುಚಪ್ಪಡಿ. ಕೆಳಗೆ ನೀರು ಸದ್ದಿಲ್ಲದೆ, ಅದಕ್ಕೇ ಇನ್ನಷ್ಟು ಹೆದರಿಕೆಯಾಗುವಂತೆ ಹೋಗುತ್ತಿತ್ತು. ನಾನು ಅತ್ತೆಯ ಮುಂಗೈ ಹಿಡಿದುಕೊಳ್ಳುತ್ತಿದ್ದೆ. ನನ್ನ ಒಂದು ಕೈಗೆ ಅದು ಸುತ್ತು ಬರುತ್ತಿರಲಿಲ್ಲ. ಎರಡೂ ಕೈ ಹಾಕಿ ಹಿಡಿದು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದೆ. “ನನ್ ಕೈ ಮುರ್ದೋಯ್ತದೆ ಬುಡ್ಲಾ, ನಾಲೆ ಎಲ್ಲೂ ಓಗಕಿಲ್ಲ” ಎಂದು ಅತ್ತೆ ನಗುತ್ತಿದ್ದಳು. ಆ ಕೈ ಮುರಿಯುವ ಜಾತಿಯದಲ್ಲ ಎಂದು ನನಗೆ ಗೊತ್ತಿತ್ತು.

ಈಗ ಮಂಡ್ಯದ ನನ್ನ ಮನೆಗೆ ಬರೋಣ. ಮೂವತ್ತು ನಲವತ್ತರ ಸೈಟು. ಮನೆ ಕಟ್ಟಿದ ಮೇಲೆ ಗಿಡಗಳಿಗೆಂದು ಉಳಿದದ್ದು ಉತ್ತರ ದಿಕ್ಕಿನಲ್ಲಿ ನಾಲ್ಕಡಿ ಅಗಲದ ಒಂದು ಸಂದಿ. ಆ ಕಡೆ ಪಕ್ಕದವರ ಬೆಲ್ಲದ ಗೋಡೌನು, ತೆಂಗಿನ ಮರದ ಅರ್ಧದಷ್ಟು ಎತ್ತರದ ಗೋಡೆ. ಈ ಕಡೆ ನಮ್ಮ ಮನೆ. ಸೂರ್ಯನಾರಾಯಣ ಆ ಸಂದಿಗೆ ವರ್ಷಕ್ಕೆ ಕೆಲವು ದಿನ, ಅದೂ ಗೇಟಿನ ಕಡೆಯ ತುದಿಗೆ ಮಾತ್ರ ಇಣುಕುತ್ತಿದ್ದ. ಜಯಮ್ಮ ಅಲ್ಲಿ ದಾಸವಾಳ ಇಟ್ಟಳು, ಸತ್ತಿತು. ಗುಲಾಬಿ ಇಟ್ಟಳು, ಸತ್ತಿತು. ದಾಳಿಂಬೆ ಮೂರೆಲೆ ಬಿಟ್ಟು, ಆ ಮೂರನ್ನೂ ವಾಪಸು ತೆಗೆದುಕೊಂಡಿತು. ಕೊನೆಗೆ ಕರಿಬೇವಿನ ಒಂದು ಸಸಿ ತಂದಳು.

“ಏನ್ರೀ, ಇದ್ನ ನೆಟ್ಕೊಡಿ.”

ನಾನು ಮಣ್ಣಿನ ಗುಣದ ಬಗ್ಗೆ ಮಾತಾಡಿದೆ. ನೀರು ಬಸಿಯುವ ವ್ಯವಸ್ಥೆ ಆಗಬೇಕೆಂದೆ. ಬೇಸಿಗೆಯಲ್ಲಿ ಬೇಡ, ಮಳೆ ಹಿಡಿಯಲಿ ಎಂದೆ. ಮಳೆ ಹಿಡಿದ ಮೇಲೆ, ಬಿಡಲಿ ಎಂದೆ. ಜಯಮ್ಮನಿಗೆ ನಮ್ಮ ಮನೆಯ ಪಿಕಳಾರದ ಕಥೆ ಗೊತ್ತಿತ್ತು.

“ಸ್ಕೂಲಲ್ಲಿ ಮಕ್ಕಳಿಗೆ ಏನ್ ಹೇಳ್ತೀರಿ ಹಾಗಾದ್ರೆ?”

“ಅದು ಸಿಲೆಬಸ್ಸು. ನಿಮ್ಮ ಮಳವಳ್ಳೀಲಿ ಈ ಶಾಸ್ತ್ರ ಇಲ್ವಲ್ಲ, ನೀನೇ ನೆಡು.”

“ಮದುವೆ ಆಗ್ ಬಂದ್ಮೇಲೆ ನಿಮ್ಮ ಮನೆ ಶಾಸ್ತ್ರಾನೇ ನಂಗೂ” ಎಂದಳು. ಬೇರೆ ಯಾವ ವಿಷಯದಲ್ಲೂ ಅವಳು ಇಷ್ಟು ಸುಲಭವಾಗಿ ನಮ್ಮ ಮನೆತನಕ್ಕೆ ಶರಣಾದದ್ದು ನನಗೆ ನೆನಪಿಲ್ಲ.

ಕೂಲಿಯವನೊಬ್ಬನನ್ನು ಕರೆಸಿದೆವು. ಗೇಟಿನ ಪಕ್ಕ, ಸ್ವಲ್ಪವಾದರೂ ಬಿಸಿಲು ಬೀಳುವ ಕಡೆ, ಅಚ್ಚುಕಟ್ಟಾಗಿ ಗುಂಡಿ ತೋಡಿದ. ಸಸಿಯನ್ನು ಕೈಗೆ ಕೊಡಲು ಹೋದರೆ ಮೂಸಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. “ತೆಂಗಿನ ಸಸಿ ಕೊಡಿ ಸಾ, ಹತ್ತಾದ್ರೂ ನೆಡ್ತೀನಿ. ಇದ್ನ ನೀವೇ ಇಕ್ಕೊಳಿ” ಎಂದು ಕೈತೊಳೆದುಕೊಂಡು ಹೊರಟುಹೋದ. ಗುಂಡಿ ಎರಡು ವಾರ ಬಾಯಿ ತೆರೆದುಕೊಂಡು ಬಿದ್ದಿತ್ತು. ನಾನು ದಿನಾ ಶಾಲೆಗೆ ಹೋಗುವಾಗ ಅದನ್ನು ಬಳಸಿ ಹೋಗುತ್ತಿದ್ದೆ.

ಅಂಥ ಒಂದು ಭಾನುವಾರ ಬೆಳಿಗ್ಗೆ ಹೊಳಲಿನಿಂದ ಅತ್ತೆ ಬಂದಳು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು, ಆಗ ಅವಳಿಗೆ ಅರವತ್ತರ ಹತ್ತಿರ. ಚೀಲದಲ್ಲಿ ಅವರೆಕಾಯಿ ಇತ್ತು. ಗೇಟು ತೆಗೆದವಳೇ ನಿಂತಳು.

“ಏನ್ಲಾ ಸಿವಣ್ಣ, ಯಾರ್ನ ಊಳಾಕೆ ತೋಡ್ಸಿದ್ದೀಯೆ ಇದ್ನ?”

“ಕರಿಬೇವಿಗೆ ಕಣತ್ತೆ” ಎಂದಳು ಜಯಮ್ಮ. “ನೆಡೋರು ಸಿಕ್ತಿಲ್ಲ.”

ಅತ್ತೆ ನನ್ನನ್ನು ನೋಡಿದಳು, ಸಸಿಯನ್ನು ನೋಡಿದಳು. ಚೀಲವನ್ನು ಜಗಲಿಯ ಮೇಲಿಟ್ಟಳು.

“ಅದ್ಕ್ಯಾಕ್ ಇಬ್ರೂ ಮೊಕ ಊದಿಸ್ಕಂಡ್ ಕುಂತಿದ್ದೀರಿ? ತತ್ತಾ ಗುದ್ಲಿಯಾ. ನಾ ನೆಡ್ತೀನಿ. ನಂಗೇನ್ಲಾ, ಗಂಡನಾ ಮಕ್ಳಾ.”

ಇಲ್ಲಿ ನಾನು ಒಂದು ಮಾತು ಆಡಬೇಕಾಗಿತ್ತು. ಬೇಡ ಎನ್ನುವ ಎರಡಕ್ಷರ. ಜಯಮ್ಮ ನನ್ನ ಮುಖ ನೋಡಿದಳು, ನಾನು ಆಡುತ್ತೇನೆಂದು ಅವಳಿಗೂ ನಿರೀಕ್ಷೆ ಇದ್ದಂತಿತ್ತು. ನಾನು ತಾರಸಿಯ ಮೇಲಿನ ನೀರಿನ ಟ್ಯಾಂಕು ತುಂಬಿ ಚೆಲ್ಲುತ್ತಿದೆಯೇ ಎಂದು ಕತ್ತೆತ್ತಿ ನೋಡಿದೆ. ಚೆಲ್ಲುತ್ತಿರಲಿಲ್ಲ. ಆದರೂ ಸಾಕಷ್ಟು ಹೊತ್ತು ನೋಡಿದೆ. ನನಗೆ ಆಗ ನಲವತ್ತು, ಮಗಳು ರಶ್ಮಿಗೆ ಎಂಟು. ಹೆಂಡತಿ ಮಕ್ಕಳಿರುವವನು ಎಂಬ ಮಾತು ನನ್ನ ಮನಸ್ಸಿನಲ್ಲಿ ತಾನಾಗಿಯೇ ಸಿದ್ಧವಾಗಿ ಬಂದು ನಿಂತಿತ್ತು. ಅದನ್ನು ಇಂದಿಗೂ ನಾನು ಪೂರ್ತಿ ಕ್ಷಮಿಸಿಲ್ಲ.

ಕತ್ತು ಇಳಿಸಿದಾಗ ಅತ್ತೆ ಸೆರಗು ಸಿಕ್ಕಿಸಿ ಗುಂಡಿಯ ಹತ್ತಿರ ಕೂತಾಗಿತ್ತು. ಆಗ ನನ್ನ ಬಾಯಿಂದ ಮಾತು ಹೊರಟಿತು.

“ಅಲ್ಲಿ ಬೇಡ ಅತ್ತೆ. ಒಳಗಡೆ ಮೂಲೆಯಲ್ಲಿ ನೆಡು, ಗೋಡೌನ್ ಗೋಡೆ ಹತ್ರ.”

“ಅಲ್ಲಿ ಬಿಸ್ಲೇ ಇಲ್ವಲ್ಲಲಾ?”

“ಇದು ನೆರಳಲ್ಲೇ ಬರೋ ಗಿಡ” ಎಂದು ಜಾತಿ, ಕುಲ, ಕಾಡಿನ ಸ್ವಭಾವ ಎಲ್ಲವನ್ನೂ ವಿವರಿಸಿದೆ. ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹೇಳದೆ ಬಿಟ್ಟದ್ದು ಇಷ್ಟೇ: ನೆರಳಿನಲ್ಲಿ ಬುಡ ದಪ್ಪವಾಗಲು ಬಹಳ ವರ್ಷ ಬೇಕು. ಅಂದು ನಾನು ಬೇಡ ಎಂದದ್ದು ಜಾಗಕ್ಕೆ. ಅತ್ತೆ ಮರುಮಾತಾಡದೆ ಎದ್ದು, ಮೂಲೆಗೆ ಹೋಗಿ, ತಾನೇ ಬೇರೆ ಗುಂಡಿ ತೋಡಿ, ಸಸಿಯಿಟ್ಟು, ಹಿಮ್ಮಡಿಯಿಂದ ಮಣ್ಣು ತುಳಿದಳು. ಆಮೇಲೆ ಅವರೆಕಾಯಿ ಸುಲಿಯಲು ಕೂತಳು.

ಪುಟ್ಟತಾಯಿ ನೆಟ್ಟಿದ್ದು ಬಾಡುವುದಿಲ್ಲ ಎಂಬುದು ನಿಮಗೆ ಈಗಾಗಲೇ ಗೊತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಆ ಗಿಡದ ಸುತ್ತ ಎರಡು ಪಕ್ಷಗಳಾದವು. ಜಯಮ್ಮ ಅದನ್ನು ಬೆಳೆಸುವ ಪಕ್ಷ. ಹುಳಿ ಮಜ್ಜಿಗೆ, ಅಕ್ಕಿ ತೊಳೆದ ನೀರು, ಕಾಫಿ ಚರಟ ಎಲ್ಲ ಅದರ ಬುಡಕ್ಕೆ. ನಾನು ಅದನ್ನು ಸಾಯಲು ಬಿಡದೆ, ಬೆಳೆಯಲೂ ಬಿಡದೆ ನಡುವೆ ನಿಲ್ಲಿಸುವ ಪಕ್ಷ. ಕೇಳಿದವರಿಗೆಲ್ಲ ಕೊಂಬೆ ಮುರಿದು ಕೊಡುತ್ತಿದ್ದೆ, ಕೇಳದವರ ಮನೆಗೂ ಕಳಿಸುತ್ತಿದ್ದೆ. ಬೀದಿಯಲ್ಲಿ ನನಗೆ ದಾನಿ ಎಂಬ ಹೆಸರು ಬಂತು. ಎಲೆಗಳ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳುಗಳು ಬರುತ್ತವೆ, ಚಿಟ್ಟೆಯ ಮರಿಗಳು, ಎರಡೇ ದಿನದಲ್ಲಿ ಒಂದು ಕೊಂಬೆ ಬೋಳು ಮಾಡುತ್ತವೆ. ಜಯಮ್ಮ ಕಡ್ಡಿ ಹಿಡಿದು ಹೊರಟರೆ ನಾನು ಅಡ್ಡ ನಿಂತು ಜೀವದಯೆಯ ಬಗ್ಗೆ ಮಾತಾಡುತ್ತಿದ್ದೆ. ಬುಡದಲ್ಲಿ ಬೇರಿನಿಂದ ಮರಿಗಳು ಎದ್ದರೆ ಮಾತ್ರ ಕೀಳುತ್ತಿರಲಿಲ್ಲ. ತಾಯಿಯ ಪಾಲಿನ ಊಟ ಮರಿಗಳು ಉಂಡರೆ ಒಳ್ಳೆಯದೇ ಎಂಬುದು ನನ್ನ ಲೆಕ್ಕಾಚಾರ.

ಬೇಸಿಗೆ ರಜೆಯಲ್ಲಿ ಶಾಲೆಯ ಪ್ರಯೋಗಶಾಲೆಯಿಂದ ವರ್ನಿಯರ್ ಕ್ಯಾಲಿಪರು ಮನೆಗೆ ಬರುತ್ತಿತ್ತು. ಸರ್ಕಾರಿ ಉಪಕರಣವೊಂದನ್ನು ಇಂಥ ಕೆಲಸಕ್ಕೆ ಬಳಸಿದವನು ನಾನೊಬ್ಬನೇ ಇರಬೇಕು. ನೆಲದಿಂದ ಒಂದು ಗೇಣು ಮೇಲೆ ಬುಡ ಹಿಡಿದು ಅಳೆಯುತ್ತಿದ್ದೆ. ಆದರೆ ಒಂದನ್ನು ಅಳೆದರೆ ಸಾಲದು, ಇನ್ನೊಂದನ್ನೂ ಅಳೆಯಬೇಕು. ಅತ್ತೆಯ ಮುಂಗೈಗೆ ಕ್ಯಾಲಿಪರು ಹಿಡಿದರೆ ಅವಳು ನನ್ನ ಕೆನ್ನೆಗೆ ಏನು ಹಿಡಿಯುತ್ತಿದ್ದಳೋ. ಕೊನೆಗೆ ಮಾದೇಶ್ವರನ ಬೆಟ್ಟಕ್ಕೆ ಹೋದಾಗ ಒಂದು ಕರಿದಾರ ತಂದೆ. ರಕ್ಷೆ ಎಂದು ಹೇಳಿ ಅತ್ತೆಯ ಮುಂಗೈಗೆ ಸರಿಯಾಗಿ ಕಟ್ಟಿ, ಮಿಕ್ಕ ತುದಿಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ದಾರ ಮೊದಲು ಎಷ್ಟುದ್ದವಿತ್ತು ಎಂಬುದು ಗೊತ್ತಿತ್ತು. ಕಳೆಯುವ ಲೆಕ್ಕ ಐದನೇ ತರಗತಿಯದು.

“ನೀನ್ ಯಾವಾಗ್ಲಿಂದ ದೇವ್ರು ದಿಂಡ್ರು ಅನ್ನಾಕ್ ಸುರು ಮಾಡ್ದೆ?” ಎಂದಳು ಅತ್ತೆ.

“ವಯಸ್ಸಾಯ್ತಲ್ಲ” ಎಂದೆ.

“ಯಾರ್ಗೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ದಾರವನ್ನು ಎರಡು ಸಲ ತಿರುಗಿಸಿ ನೋಡಿಕೊಂಡಳು.

ಲೆಕ್ಕ ಸಮಾಧಾನಕರವಾಗಿತ್ತು. ಗಿಡ ಪೆನ್ಸಿಲಿನಷ್ಟಿತ್ತು, ಆಮೇಲೆ ಹೆಬ್ಬೆರಳಿನಷ್ಟಾಯಿತು, ಹದಿನೈದು ವರ್ಷವಾದರೂ ಗುದ್ದಲಿಯ ಕಾವನ್ನು ಮೀರಲಿಲ್ಲ. ನೆರಳು ನನ್ನ ಮಾತು ಉಳಿಸಿತ್ತು. ಅತ್ತೆ ತಿಂಗಳಿಗೊಮ್ಮೆ ಹೊಳಲಿನಿಂದ ಬಸ್ಸಿನಲ್ಲಿ ಬಂದು, ಗಿಡದ ಹತ್ತಿರ ನಿಂತು, “ಇದ್ಯಾಕ್ಲಾ ಇಂಗೆ ಸೊರಗದೆ, ಮೇಷ್ಟ್ರು ಮನೆ ಗಿಡ ಅಂತಾವಾ” ಎಂದು ಹೇಳಿ ಹೋಗುತ್ತಿದ್ದಳು. ಅವಳು ಹಾಗೆ ಬೈದು ಹೋದ ದಿನ ನನಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತಿತ್ತು.

ಏಳು ವರ್ಷದ ಹಿಂದೆ ಪಕ್ಕದ ಚಿಕ್ಕಲಿಂಗಯ್ಯನವರು ಗೋಡೌನು ಕೆಡವಿದರು. ಹೊಸದು ಕಟ್ಟುತ್ತೇನೆ ಎಂದವರು ಕಟ್ಟಲಿಲ್ಲ. ಖಾಲಿ ಜಾಗದ ಆಚೆಯಿಂದ ಬಿಸಿಲು ನುಗ್ಗಿ ಬಂದು ಆ ಮೂಲೆಯಲ್ಲಿ ಬಿತ್ತು. ಹದಿನೈದು ವರ್ಷ ಹಸಿದಿದ್ದ ಗಿಡ ಒಂದೇ ಮಳೆಗಾಲದಲ್ಲಿ ಕಾಂಪೌಂಡು ದಾಟಿತು. ಹೂ ಬಿಟ್ಟಿತು, ಹಣ್ಣಾಯಿತು, ನಿಜವಾದ ಪಿಕಳಾರಗಳು ಬಂದವು. ಬುಡ ನನ್ನ ಕಣ್ಣೆದುರಿಗೇ ಉಬ್ಬುತ್ತಿತ್ತು. ನಾನು ಮದ್ದೂರಿಗೆ ಹೋಗಿ ನರ್ಸರಿಗಳಲ್ಲಿ ಕಟ್ಟುವ ಹಸಿರು ಬಲೆ ತಂದು, ನಾಲ್ಕು ಬಿದಿರು ನೆಟ್ಟು, ಗಿಡದ ಮೇಲೆ ಚಪ್ಪರದ ಹಾಗೆ ಕಟ್ಟಿದೆ.

ಚಿಕ್ಕಲಿಂಗಯ್ಯನವರು ಕಾಂಪೌಂಡಿನ ಆಚೆಯಿಂದ ಬಹಳ ಹೊತ್ತು ನೋಡಿದರು.

“ಏನ್ ಮೇಷ್ಟ್ರೇ, ಗಿಡ ಮೈನೆರೆದದಾ?”

“ಬಿಸಿಲಿಗೆ ಎಲೆ ಸುಡತ್ತೆ” ಎಂದೆ.

“ಬದ್ನೇಕಾಯಿ ಸುಡಾ ಬಿಸ್ಲಲ್ಲಿ ಕರಿಬೇವು ಸುಡ್ತದಾ? ನಾ ಕೇಳಿಲ್ಲ ಕಣಪ್ಪ.”

ಜಯಮ್ಮನಿಗೆ ಅಂದೇ ಎಲ್ಲ ಅರ್ಥವಾಗಿತ್ತು ಎಂದು ಈಗ ಅನ್ನಿಸುತ್ತದೆ. ಏಕೆಂದರೆ ಅಂದಿನಿಂದ ಮಜ್ಜಿಗೆ ಹಾಕುವುದನ್ನು ನಿಲ್ಲಿಸಿದಳು. ಅತ್ತೆ ಮುಂದಿನ ಸಲ ಬಂದಾಗ ಬಲೆಯ ಕೆಳಗೆ ಬಗ್ಗಿ ಹೋಗಿ, ಎರಡು ಎಸಳು ಮುರಿದುಕೊಂಡು ಹೊರಗೆ ಬಂದಳು. ಬಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಲ್ಲಕ್ಕೂ ಒಂದು ಮಾತು ಆಡುವವಳು ಅದಕ್ಕೆ ಆಡಲಿಲ್ಲ. ಅದನ್ನು ನಾನು ಗಮನಿಸಬೇಕಾಗಿತ್ತು.

ಕಳೆದ ವರ್ಷ ಅತ್ತೆಗೆ ಜ್ವರ ಬಂತು. ಹೊಳಲಿನಲ್ಲಿ ಚಿಕ್ಕಪ್ಪನ ಮಕ್ಕಳು ನೋಡಿಕೊಳ್ಳುತ್ತಿದ್ದರೂ, ಡಾಕ್ಟರು ಹತ್ತಿರವಿರಲಿ ಎಂದು ನಾನು ಮಂಡ್ಯಕ್ಕೆ ಕರೆತಂದೆ. ಮೂರು ವಾರ ನಮ್ಮ ನಡುಮನೆಯ ಮಂಚದ ಮೇಲೆ ಮಲಗಿದ್ದಳು. ಒಂದು ಮಧ್ಯಾಹ್ನ ಮಾತ್ರೆ ಕೊಡಲೆಂದು ಅವಳನ್ನು ಎತ್ತಿ ಕೂರಿಸುವಾಗ ಕೈ ಹಿಡಿದೆ. ಮಾದೇಶ್ವರನ ಬೆಟ್ಟದ ದಾರ ಜಾರಿ ಮೊಣಕೈಯ ಹತ್ತಿರ ಹೋಗಿ ಕೂತಿತು.

ನನ್ನ ಹೆಬ್ಬೆರಳೂ ನಡುಬೆರಳೂ ಅವಳ ಮುಂಗೈಯ ಸುತ್ತ ಒಂದರ ಮೇಲೊಂದು ಬಂದು ಕೂತಿದ್ದವು. ಇನ್ನೂ ಜಾಗ ಉಳಿದಿತ್ತು.

ಇಪ್ಪತ್ತೊಂದು ವರ್ಷ ನಾನು ಗಿಡವನ್ನು ಕಾದಿದ್ದೆ. ಅದಕ್ಕೆ ನೆರಳು ಹಿಡಿದಿದ್ದೆ, ಹುಳು ಬಿಟ್ಟಿದ್ದೆ, ಕೊಂಬೆ ಮುರಿದಿದ್ದೆ. ದಪ್ಪವಾಗುವುದು ಅದೊಂದೇ, ಕೈ ಇದ್ದಲ್ಲಿಯೇ ಇರುತ್ತದೆ ಎಂದು ನಂಬಿಕೊಂಡಿದ್ದೆ. ಕೈಯೂ ಗಿಡದ ಕಡೆಗೆ ಬರುತ್ತದೆ, ಇಬ್ಬರೂ ಎದುರುಬದುರಾಗಿ ನಡೆದು ಬರುತ್ತಿದ್ದಾರೆ ಎಂಬುದು ಲೆಕ್ಕದ ಮೇಷ್ಟ್ರಿಗೂ ಹೊಳೆಯಬಹುದಾದ ಸಂಗತಿ. ವಿಜ್ಞಾನದ ಮೇಷ್ಟ್ರಿಗೆ ಹೊಳೆದಿರಲಿಲ್ಲ. ಮುಂಗೈ ಸಣ್ಣಗಾಗದಂತೆ ಕಟ್ಟುವ ಬಲೆ ಮದ್ದೂರಿನಲ್ಲಿ ಸಿಗುವುದಿಲ್ಲ.

“ಏನ್ ನೋಡ್ತಿದ್ದೀಯ?” ಎಂದಳು ಅತ್ತೆ.

“ದಾರ ಸಡಿಲ ಆಗಿದೆ.”

“ದಾರ ಸರ್ಯಾಗೇ ಅದೆ ಬುಡು” ಎಂದು ಮಾತ್ರೆ ನುಂಗಿದಳು.

ಅತ್ತೆ ಎದ್ದಳು. ಮೊದಲಿನಷ್ಟು ಗಟ್ಟಿಯಾಗಿ ಅಲ್ಲ, ಆದರೆ ಬೈಯುವಷ್ಟು ಗಟ್ಟಿಯಾಗಿ. ನಾನು ಅಳೆಯುವುದನ್ನು ಬಿಟ್ಟೆ. ಬಲೆಯನ್ನೂ ಬಿಚ್ಚಿದೆ. ಇಷ್ಟಕ್ಕೇ ಈ ಪುರಾಣ ಮುಗಿಯುತ್ತಿತ್ತೋ ಏನೋ, ಆದರೆ ಈ ವರ್ಷ ರಶ್ಮಿ ಮದ್ದೂರಿನಲ್ಲಿ ಮನೆ ಕಟ್ಟಿಸಿದಳು. ಗಂಡ ಹೆಂಡಿರಿಬ್ಬರಿಗೂ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ. ಮುಂದೆ ಗೇಟಿನ ಹತ್ತಿರ ಒಂದಿಷ್ಟು ಮಣ್ಣು, ಪಕ್ಕದಲ್ಲಿ ನಮ್ಮದರಂಥದೇ ಒಂದು ಸಂದಿ ಬಿಟ್ಟಿದ್ದರು. ಅವಳಿಗೆ ನಮ್ಮ ಕರಿಬೇವಿನ ಮರಿಯೇ ಬೇಕು, ಅಂಗಡಿಯದು ಬೇಡ. ನಾನು ಬೇರಿಗೆ ಪೆಟ್ಟಾಗದಂತೆ ಒಂದು ಮರಿ ಬಿಡಿಸಿ, ಖಾಲಿ ಪೇಂಟಿನ ಡಬ್ಬದಲ್ಲಿ ಒಂದು ತಿಂಗಳು ಆರೈಕೆ ಮಾಡಿದೆ. ಒಂದು ಭಾನುವಾರ ನಾನು, ಜಯಮ್ಮ, ಅತ್ತೆ ಮೂವರೂ ಮದ್ದೂರಿಗೆ ಹೋದೆವು. ಅಳಿಯ ಡ್ಯೂಟಿಗೆ ಹೋಗಿದ್ದ. ರಶ್ಮಿ ಗೇಟಿನ ಹತ್ತಿರ ಒಳ್ಳೆಯ ಬಿಸಿಲಿನಲ್ಲಿ ಗುಂಡಿ ತೋಡಿಸಿದ್ದಳು.

ನಮ್ಮ ಮನೆಯ ಶಾಸ್ತ್ರವನ್ನು ನಾವು ಅವಳಿಗೆ ಹೇಳಿರಲೇ ಇಲ್ಲ. ಅದು ನಮ್ಮ ತಲೆಗೇ ಮುಗಿಯಲಿ ಎಂಬ ಸದುದ್ದೇಶ. ಹಾಗಾಗಿ ಅವಳು ನಿಶ್ಚಿಂತೆಯಿಂದ ಹೇಳಿದಳು:

“ಅಜ್ಜಿ, ನೀವೇ ನೆಟ್ಬಿಡಿ. ಅಪ್ಪನ ಮನೇದು ನಿಮ್ಮ ಕೈಯಿಂದ ಅಲ್ವಾ ಅಷ್ಟು ಚೆನ್ನಾಗ್ಬಂದಿರೋದು.”

ಜಯಮ್ಮನ ಕೈಯಲ್ಲಿದ್ದ ಹೂವಿನ ಪೊಟ್ಟಣ ಅಲ್ಲಿಯೇ ನಿಂತಿತು.

“ಅದ್ಕೇನಂತೆ, ತತ್ತಾ ಕಣವ್ವ” ಎಂದಳು ಅತ್ತೆ. ಸೆರಗು ಸಿಕ್ಕಿಸಿದಳು. ಗೋಡೆ ಹಿಡಿದು, ಒಂದೊಂದೇ ಮಂಡಿ ಮಡಿಸಿ, ಗುಂಡಿಯ ಪಕ್ಕ ಕೂತಳು. ಡಬ್ಬಕ್ಕೆ ಕೈ ಚಾಚಿದಳು.

“ಬೇಡ ಅತ್ತೆ.”

ದನಿ ನನ್ನದೇ. ನಿವೃತ್ತಿಯಾದ ಮೇಲೆ ಅಷ್ಟು ಗಟ್ಟಿಯಾಗಿ ನಾನು ಮಾತಾಡಿರಲಿಲ್ಲ. ಎದುರುಮನೆಯ ಬಾಗಿಲಲ್ಲಿ ಯಾರೋ ಇಣುಕಿದರು.

“ಯಾಕ್ಲಾ?”

“ನಾನ್ ನೆಡ್ತೀನಿ. ನೀನು ಮುಟ್ಬೇಡ.”

“ಏನಪ್ಪ ನೀವು” ಎಂದಳು ರಶ್ಮಿ. “ಅಜ್ಜಿ ಪಾಪ ಆಸೆಯಿಂದ ಕೂತಿದ್ರೆ.”

ಅತ್ತೆ ನನ್ನನ್ನು ನೋಡಿದಳು. ಜಯಮ್ಮ ನನ್ನನ್ನು ನೋಡಿದಳು. ಈ ಮನೆಯಲ್ಲಿಯೂ ತಾರಸಿಯ ಮೇಲೆ ಟ್ಯಾಂಕು ಇತ್ತು, ನಾನು ಅತ್ತ ನೋಡಲಿಲ್ಲ. ಅತ್ತೆ ಚಾಚಿದ್ದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು.

“ಕೊಡವ್ವ ಅವ್ನ್ಗೆ. ಇಷ್ಟ್ ವರ್ಸಕ್ಕೆ ಒಂದ್ ಗಿಡ ನೆಡ್ತೀನಿ ಅಂತಾವ್ನೆ, ನಾವ್ಯಾಕ್ ಕಲ್ಲಾಕದು.”

ನಾನು ಪಂಚೆ ಮೇಲೆ ಕಟ್ಟಿ ಗುಂಡಿಯ ಎದುರು ಕೂತೆ. ಆಗ ಅತ್ತೆ ತಲೆಯೆತ್ತಿ ಒಂದು ಸಲ ಆಕಾಶ ನೋಡಿದಳು, ಮನೆಯ ಎತ್ತರ ನೋಡಿದಳು, ಪಕ್ಕದ ಗೋಡೆ ನೋಡಿದಳು.

“ಅಲ್ಲಲ್ಲ ಕಣ್ಲಾ. ಎದ್ದೇಳು. ಆ ಸಂದೀಗ್ ನಡಿ.”

“ಅಲ್ಲಿ ಬಿಸಿಲೇ ಬೀಳಲ್ಲ ಅಜ್ಜಿ” ಎಂದಳು ರಶ್ಮಿ. “ಇಲ್ಲಾದ್ರೆ ಬೇಗ ಬರತ್ತೆ.”

“ಬೇಗ ಬಂದು ಏನಾಗ್ಬೇಕಾಗದೆ ನಿಮ್ಮಪ್ಪಂಗೆ? ನಿದಾನ್ಕೆ ಬರ್ಲಿ.”

ರಶ್ಮಿಗೆ ಅರ್ಥವಾಗಲಿಲ್ಲ. ಅವಳು ನೀರು ತರಲು ಒಳಗೆ ಹೋದಳು. ಜಯಮ್ಮ, ಕಾರಣವೇನೂ ಇಲ್ಲದೆ, ಅವಳ ಹಿಂದೆ ಹೋದಳು. ನಾನು ಗುದ್ದಲಿ ತೆಗೆದುಕೊಂಡು ಸಂದಿಗೆ ನಡೆದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ಮಣ್ಣಿನಲ್ಲಿ ಸಿಮೆಂಟಿನ ಹೆಂಟೆ, ಇಟ್ಟಿಗೆ ಚೂರು. ನಾನು ತೋಡುತ್ತಿದ್ದರೆ ಅವಳು ಇಟ್ಟಿಗೆ ಚೂರಿಗೆ ಹೇಳುವಂತೆ ಹೇಳಿದಳು:

“ಅವತ್ತು ನೀನ್ ಬ್ಯಾಡ ಅಂದಿದ್ರೂ ನಾ ನೆಡ್ತಿದ್ದೆ ಕಣ್ಲಾ.”

“ಗೊತ್ತು ಅತ್ತೆ.”

“ನಿಂಗೆ ಎಳೇ ಮಗ್ಳಿದ್ಲು. ನಾ ಬುಡ್ತಿರ್ನಿಲ್ಲ.”

“ಗೊತ್ತು.”

“ಆದ್ರೂ ಅನ್ಬೇಕಿತ್ತು.”

ನಾನು ಗುದ್ದಲಿ ಕೆಳಗಿಟ್ಟೆ. ಡಬ್ಬವನ್ನು ತಟ್ಟಿ ಮಣ್ಣು ಸಮೇತ ಮರಿಯನ್ನು ಬಿಡಿಸಿ ಗುಂಡಿಗೆ ಇಳಿಸಿದೆ. ಗಿಡ ಗೋಡೆಯ ಕಡೆಗೆ ವಾಲಿತು.

“ವಾರೆ ಆಯ್ತು” ಎಂದಳು ಅತ್ತೆ. “ಇತ್ಲಾಗ್ ಎಳ್ಕೊ. ಇನ್ನೊಸಿ. ಊಂ, ಅಂಗೆ ಇಡ್ಕೊ. ಈಗ ಮಣ್ಣೆಳಿ.”

ಎಳೆದೆ.

“ಮೆತ್ಗೆ ಒತ್ಲಾ.”

ಒತ್ತಿದೆ. ರಶ್ಮಿ ಚೊಂಬಿನಲ್ಲಿ ನೀರು ತಂದು, ಅಭ್ಯಾಸಬಲದಿಂದ ಅಜ್ಜಿಯ ಕಡೆಗೇ ಚಾಚಿದಳು. ಅತ್ತೆ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಗಲ್ಲವೆತ್ತಿ ನನ್ನ ಕಡೆ ತೋರಿಸಿದಳು. ನಾನು ಚೊಂಬು ಇಸಿದುಕೊಂಡು ನೀರು ಹಾಕಿದೆ.